ಕಣ್ಣಿನ ಒತ್ತಡ ಸರಿ ಇದ್ದರೆ ಸಾಕೇ?

ಮಾನ್ಯ ಸಂಪಾದಕರೇ,

ನಮ್ಮ ಅಣ್ಣನ ಕಣ್ಣಿನ ಒತ್ತಡ ಯಾವಾಗಲೂ 21 ಮಿ.ಮೀ. ಪಾದರಸದ ಒಳಗೇ, ಅಂದರೆ ಸಾಮಾನ್ಯ ಮಟ್ಟದಲ್ಲೇ ಇತ್ತು. ಸುಮ್ನೆ ಕನ್ನಡಕ ಬದಲಿಸಿ ಕಳಿಸುತ್ತಿದ್ದರು. ಕೊನೆಗೆ ಓಸಿಟಿ ಸ್ಕ್ಯಾನ್ ಮಾಡಿದಾಗ ಕಣ್ಣಿನ ನರ ಸವೆಯುವ ಗ್ಲಾಕೋಮಾ ಕಾಯಿಲೆ ಗೊತ್ತಾಯಿತು. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದ ನರದೆಳೆಗಳ ಪದರ ಎಷ್ಟು ಮೈಕ್ರಾನ್ ದಪ್ಪ ಇದೆ ಎಂದು ಈ ಸ್ಕ್ಯಾನ್ ಬೆಳಕಿನಿಂದಲೇ ಅಳೆಯುತ್ತದೆ. ನೋವಿಲ್ಲ, ಕೆಲವೇ ನಿಮಿಷ. ಒತ್ತಡ ಏರದ ಗ್ಲಾಕೋಮಾದಲ್ಲಿ ಸವೆತ ಹೆಚ್ಚಾಗಿ ಒಂದೇ ಕಡೆ ಆಳವಾಗಿ ಕಾಣುತ್ತದಂತೆ. ಒತ್ತಡ ಜಾಸ್ತಿ ಇರುವವರಲ್ಲಿ ಪದರ ಸುತ್ತಲೂ ತೆಳುವಾಗುವುದು ಹೆಚ್ಚು. ಹೋದ ನರ ಮತ್ತೆ ಬರುವುದಿಲ್ಲ, ಅಲ್ವಾ? ಒಡಹುಟ್ಟಿದವರಿಗೂ ಅಪಾಯ ಜಾಸ್ತಿ ಎಂದು ಡಾಕ್ಟರ್ ಹೇಳಿದ ಮೇಲೆ ನಾನೂ ಪರೀಕ್ಷೆ ಮಾಡಿಸಿಕೊಂಡೆ. ಮುಂಬೈಯ ಕನ್ನಡ ಸಂಘಗಳು ಕಣ್ಣಿನ ಶಿಬಿರ ನಡೆಸುವಾಗ 40 ದಾಟಿದವರ ಕಣ್ಣಿನ ನರವನ್ನೂ ನೋಡಿಸಲಿ. ಅನುಮಾನ ಬಂದವರನ್ನು ಈ ಸ್ಕ್ಯಾನ್‌ಗೆ ಕಳಿಸಲಿ.

– ಒಬ್ಬ ಓದುಗ, ಮಾಟುಂಗ, ಮುಂಬೈ