ಕುದುರೆ ಹತ್ತಿಸದ ಸಂಜೆ

ಪುಟ್ಟಿ,

ನಾಳೆ ರಾತ್ರಿ ಇಟಲಿಗೆ ನಿನ್ನ ವಿಮಾನ. ನಿನ್ನೆ ಅಷ್ಟು ಜಗಳ ಆದ ಮೇಲೆ ಎದುರು ಕೂತು ಮಾತಾಡಲು ನನಗೆ ಮುಖ ಇಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಖರ್ಚಿನ ಪಟ್ಟಿ ಕೇಳಿದ್ದು ನನ್ನ ತಪ್ಪು. ನಿನ್ನ ದುಡಿಮೆ, ನಿನ್ನ ದುಡ್ಡು. ಆದರೆ ಬಾಗಿಲು ಹಾಕಿಕೊಳ್ಳುವಾಗ ಒಂದು ಮಾತು ಅಂದೆಯಲ್ಲ, "ಇಟಲಿವರೆಗೆ ಕರ್ಕೊಂಡು ಹೋಗಿ ಕುದುರೆ ಹತ್ತಿಸದ ಅಪ್ಪ ನೀನು" ಅಂತ. ರಾತ್ರಿಯೆಲ್ಲ ಅದೇ ಕಿವಿಯಲ್ಲಿತ್ತು.

ಆ ಪ್ರವಾಸದ ಉಳಿದದ್ದೆಲ್ಲ ನಿನಗೂ ನೆನಪಿದೆ, ಬಿಡು. ಫ್ಲಾರೆನ್ಸ್‌ನ ಆ ಸಂಜೆ ಮಾತ್ರ ನಿನಗೆ ಅರ್ಧವೇ ಗೊತ್ತು. ರಿಪಬ್ಲಿಕಾ ಚೌಕದಲ್ಲಿ ದೀಪ ಹಚ್ಚಿದ ಮೆರ್ರಿ-ಗೋ-ರೌಂಡ್ ತಿರುಗುತ್ತಿತ್ತು. ನಿನಗೆ ಏಳು ವರ್ಷ. ಯಾವ ಕುದುರೆ ಅಂತ ಆರಿಸಿಯೂ ಆಗಿತ್ತು. ನಾನು ಕೈ ಹಿಡಿದು ಎಳೆದೆ. "ಸುಮ್ನೆ ದುಡ್ಡು ದಂಡ" ಅಂದೆ.

ಅದಕ್ಕೆ ಅರ್ಧ ಗಂಟೆ ಮೊದಲು ಎಟಿಎಂ ನನ್ನ ಕಾರ್ಡ್ ನುಂಗಿತ್ತು. ಗಾಬರಿಯಲ್ಲಿ ಮೂರು ಸಲ ತಪ್ಪು ಪಿನ್ ಒತ್ತಿದವನು ನಾನೇ. ಅವತ್ತು ಶನಿವಾರ, ಬ್ಯಾಂಕ್ ತೆಗೆಯುವುದು ಸೋಮವಾರ. ನಮ್ಮ ಹತ್ತಿರ ಇದ್ದದ್ದು ಅದೊಂದೇ ಕಾರ್ಡ್. ಜೇಬಿನಲ್ಲಿ 11 ಯೂರೋ ಚಿಲ್ಲರೆ. ಪ್ಯಾಂಟಿನ ಜೇಬಿನೊಳಗೇ ಬೆರಳಲ್ಲಿ ಎಣಿಸುತ್ತಿದ್ದೆ. ಎರಡರ ನಾಣ್ಯ ಒಂದರದ್ದಕ್ಕಿಂತ ತುಸು ದೊಡ್ಡದು, ತಡವಿದರೆ ಗೊತ್ತಾಗುತ್ತದೆ. ನೀನು ಅಳುತ್ತಾ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದೆ. ನಾನು ಮತ್ತೆ ಮತ್ತೆ ಎಣಿಸುತ್ತಿದ್ದೆ, ಎಣಿಸಿದರೆ ಜಾಸ್ತಿ ಆಗುತ್ತದೇನೋ ಅನ್ನುವ ಹಾಗೆ. ಭಾನುವಾರ ಪೂರ್ತಿ ನಡೆಸಿದೆನಲ್ಲ, ಊರು ನೋಡೋದು ನಡೆದೇ ಅಂತ? ಬಸ್ಸಿಗೆ ಕಾಸು ಕಳೆಯಲು ಧೈರ್ಯ ಇರಲಿಲ್ಲ, ಅಷ್ಟೇ. ಸೋಮವಾರ ನೀವು ಏಳುವ ಮೊದಲೇ ಹೋಗಿ ಬ್ಯಾಂಕಿನ ಬಾಗಿಲಲ್ಲಿ ನಿಂತೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ. ನೀನು ಹೇಳಬೇಡ.

ಏಳು ವರ್ಷದವಳಿಗೆ "ಅಪ್ಪನ ಹತ್ತಿರ ಈಗ ದುಡ್ಡಿಲ್ಲ" ಅಂದಿದ್ದರೆ ಅರ್ಥ ಆಗುತ್ತಿತ್ತು. ಮರ್ಯಾದೆ ಅಡ್ಡ ಬಂತು. ತಪ್ಪಾಯಿತು ಪುಟ್ಟಿ.

ಅದಕ್ಕೇ ಹೇಳುವುದು, ಎರಡು ಕಾರ್ಡ್ ಇರಲಿ. ಬೇರೆ ಬೇರೆ ಬ್ಯಾಂಕಿನದು, ಬೇರೆ ಬೇರೆ ಬ್ಯಾಗಿನಲ್ಲಿ. ಉಪದೇಶ ಮಾಡಲ್ಲ ಅಂತ ಅಮ್ಮನಿಗೆ ಮಾತು ಕೊಟ್ಟಿದ್ದೆ. ಇನ್ನೊಂದೇ ಒಂದು. ಅಂಗಡಿಯ ಮೆಷಿನ್ "ಯೂರೋದಲ್ಲಿ ಕೊಡ್ತೀರಾ, ನಿಮ್ಮ ದೇಶದ ಹಣದಲ್ಲಾ?" ಅಂತ ಕೇಳುತ್ತದೆ. ಯೂರೋ ಅಂತಲೇ ಒತ್ತು. ನಮ್ಮ ಹಣದ ಲೆಕ್ಕ ಕಂಡರೆ ಮನಸ್ಸಿಗೆ ಹಾಯ್ ಅನಿಸುತ್ತದೆ, ಆದರೆ ಆ ದರ ನಿಗದಿ ಮಾಡುವವರು ಮೆಷಿನ್ ಕಡೆಯವರು. ತಮ್ಮ ಲಾಭ ಅದರಲ್ಲೇ ಸೇರಿಸಿರುತ್ತಾರೆ. ವಿಮಾನ ನಿಲ್ದಾಣದಲ್ಲಿ "ಕಮಿಷನ್ ಇಲ್ಲ" ಅಂತ ಬೋರ್ಡ್ ಹಾಕಿದ, ಹಣ ಬದಲಾಯಿಸುವ ಕೌಂಟರಿನಲ್ಲೂ ಅಷ್ಟೇ, ಕಮಿಷನ್ ದರದಲ್ಲೇ ಅಡಗಿರುತ್ತದೆ. ಕ್ರೆಡಿಟ್ ಕಾರ್ಡಿನಿಂದ ಮಾತ್ರ ನಗದು ತೆಗೆಯಬೇಡ. ಸಾಮಾನ್ಯವಾಗಿ ತೆಗೆದ ದಿನದಿಂದಲೇ ಬಡ್ಡಿ ಓಡುತ್ತದೆ. ಡೆಬಿಟ್ ಕಾರ್ಡಿನಲ್ಲೂ ದಿನಾ ಚೂರು ಚೂರು ತೆಗೆಯಬೇಡ, ಎಷ್ಟೋ ಬ್ಯಾಂಕುಗಳು ಪ್ರತಿ ಸಲವೂ ಶುಲ್ಕ ಹಾಕುತ್ತವೆ.

ನೋಡು, ಒಂದೇ ಅಂತ ಶುರು ಮಾಡಿದೆ.

ಹೋಟೆಲ್ ಬುಕ್ ಮಾಡುವಾಗಲೇ ಪೂರ್ತಿ ಕಟ್ಟಿದೆ ಅಂದೆ. ಅಲ್ಲಿನ ಎಷ್ಟೋ ಊರುಗಳಲ್ಲಿ ತಲೆಗೆ ಇಷ್ಟು, ರಾತ್ರಿಗೆ ಇಷ್ಟು ಅಂತ ಪ್ರವಾಸಿ ತೆರಿಗೆ ಬೇರೆ ಕೇಳುತ್ತಾರೆ. ಬಸ್ಸಿನ ಕಾಗದದ ಟಿಕೆಟ್ಟನ್ನು ಹತ್ತಿದ ಕೂಡಲೇ ಮೆಷಿನ್ನಿಗೆ ಕೊಟ್ಟು ಮುದ್ರೆ ಹಾಕಿಸಿಕೋ. ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ. ರೋಮ್‌ನಲ್ಲಿ ನೀರು ಕೊಳ್ಳಬೇಡ. ಬೀದಿ ಬೀದಿಯಲ್ಲಿ ನಾಸೋನಿ ಅನ್ನುವ ನಲ್ಲಿಗಳಿವೆ, ಒಳ್ಳೆಯ ಕುಡಿಯುವ ನೀರು. ತಿಂಗಳ ಮೊದಲ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಉಚಿತ, ಆದರೆ ಆ ಕ್ಯೂ ನೋಡಿದರೆ ದುಡ್ಡು ಕೊಟ್ಟು ಬೇರೆ ದಿನ ಹೋಗೋದೇ ವಾಸಿ ಅನಿಸೀತು. ವೀಸಾಕ್ಕೆ ಬೇಕಾದ 30,000 ಯೂರೋ ಇನ್ಶೂರೆನ್ಸ್ ಮಾಡಿಸಿದ್ದೀಯ, ಸರಿ. ಅದರ ತುರ್ತು ನಂಬರನ್ನು ಫೋನಿನಲ್ಲಷ್ಟೇ ಅಲ್ಲ, ಕಾಗದದ ಮೇಲೂ ಬರೆದಿಟ್ಟುಕೋ.

ಎರಡು ವರ್ಷ ಕೂಡಿಟ್ಟು ಹೊರಟವಳಿಗೆ ನಾನು ಲೆಕ್ಕ ಹೇಳಿಕೊಡ್ತಿದ್ದೀನಿ! ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ, ನನ್ನ ಮಗಳು ತನ್ನ ದುಡ್ಡಿನಲ್ಲೇ ಹೋಗ್ತಿದ್ದಾಳೆ ಅಂತ. ನಿನಗೆ ಮಾತ್ರ ಹೇಳಿರಲಿಲ್ಲ.

ಫ್ಲಾರೆನ್ಸ್‌ನಲ್ಲಿ ಎರಡು ದಿನ ಇರ್ತೀಯ ಅಂತ ಅಮ್ಮ ಹೇಳಿದಳು. ಅಲ್ಲಿ ಏನಕ್ಕೆ ಎಷ್ಟು ಕೊಟ್ಟೆ ಅಂತ ನಾನು ಕೇಳಲ್ಲ. ಇಳಿದ ಕೂಡಲೇ ಒಂದು ಮೆಸೇಜ್ ಹಾಕು. ಎರಡನೇ ಕಾರ್ಡ್ ಯಾವ ಬ್ಯಾಗಿನಲ್ಲಿದೆ ಅಂತ ಈಗಲೇ ಒಮ್ಮೆ ಎದ್ದು ನೋಡಿಬಿಡು.

ಅಪ್ಪ