ಒಣ ಅಂಟಿಗೆ ನಮ್ಮ ತೋಟದ ಮರಗಳಲ್ಲಿ ಪರೀಕ್ಷೆ ನಡೆಯಲಿ

ಮಾನ್ಯ ಸಂಪಾದಕರೇ,

ಹಲ್ಲಿಯ ಪಾದವನ್ನು ಅನುಕರಿಸಿ ತಯಾರಿಸುವ, ಗೋಂದಿಲ್ಲದೆ ಸೂಕ್ಷ್ಮ ಕೃತಕ ರೋಮಗಳಿಂದಲೇ ಹಿಡಿಯುವ ಒಣ ಅಂಟಿನ ಬಗ್ಗೆ ಬರುವ ಬರಹಗಳು ಹೆಚ್ಚಾಗಿ ಗಾಜಿನ ಗೋಡೆ ಏರುವ ರೋಬೋಟ್‌ನ ವರ್ಣನೆಯಲ್ಲೇ ಮುಗಿಯುತ್ತವೆ. ಹಲವು ವರ್ಷ ಭೌತಶಾಸ್ತ್ರ ಕಲಿಸಿ, ಈಗ ಕಾಫಿ ತೋಟ ನೋಡಿಕೊಳ್ಳುತ್ತಿರುವ ನನಗೆ ಈ ವಿಷಯ ಕೊಡಗಿಗೆ ತೀರಾ ಹತ್ತಿರದ್ದು ಎನಿಸುತ್ತದೆ.

ಹಲ್ಲಿಯ ಪಾದದಲ್ಲಿ ಗೋಂದಿಲ್ಲ. ಟೋಕೆ ಎಂಬ ದೊಡ್ಡ ಹಲ್ಲಿಯ ಪ್ರತಿ ಪಾದದಲ್ಲೂ ಸುಮಾರು 5 ಲಕ್ಷ ಸೂಕ್ಷ್ಮ ರೋಮಗಳಿವೆ. ಒಂದೊಂದು ರೋಮವೂ ತುದಿಯಲ್ಲಿ ನೂರಾರು ಕವಲಾಗಿ ಒಡೆಯುತ್ತದೆ, ಆ ಕವಲಿನ ತುದಿಯ ಅಗಲ ಸುಮಾರು 200 ನ್ಯಾನೊಮೀಟರ್ ಮಾತ್ರ. ಇವು ಗೋಡೆಗೆ ಅತ್ಯಂತ ಸಮೀಪ ಹೋಗುವುದರಿಂದ ಅಣುಗಳ ನಡುವಿನ ವ್ಯಾನ್ ಡರ್ ವಾಲ್ಸ್ ಸೆಳೆತವೇ ಹಿಡಿತಕ್ಕೆ ಕಾರಣವೆಂಬುದಕ್ಕೆ ಅಮೆರಿಕದ ಜೀವವಿಜ್ಞಾನಿ ಕೆಲ್ಲರ್ ಆಟಮ್ ಮತ್ತು ಸಂಗಡಿಗರು 2002ರಲ್ಲಿ ಪುರಾವೆ ಒದಗಿಸಿದರು. ಪಾದ ತಾಗಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಪಾತ್ರವೂ ದೊಡ್ಡದೆಂದು ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ವಾದಿಸಿದರು.

ಹಲ್ಲಿಯ ವಿಚಾರದಲ್ಲಿ ಯಾರ ವಾದ ಗೆದ್ದರೂ, ಕೃತಕ ಅಂಟಿಗೆ ಸ್ಥಿರ ವಿದ್ಯುತ್ತಿನ ನೆರವು ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ವ್ಯಾನ್ ಡರ್ ವಾಲ್ಸ್ ಸೆಳೆತ ಕೆಲವೇ ನ್ಯಾನೊಮೀಟರ್ ದೂರದಲ್ಲಿ ಕುಂದಿಬಿಡುವುದರಿಂದ, ಒರಟು ಮೇಲ್ಮೈಯಲ್ಲಿ ಬಹಳಷ್ಟು ರೋಮಗಳು ತಾಗದೆಯೇ ಉಳಿಯುತ್ತವೆ. ಕೃತಕ ರೋಮಗಳಿರುವ ಅಂಟಿನ ಹಾಳೆಯೊಳಗೆ ತೆಳುವಾದ ವಿದ್ಯುದ್ವಾರಗಳನ್ನಿಟ್ಟು ಸಾವಿರಾರು ವೋಲ್ಟ್ ಕೊಟ್ಟರೆ (ಹರಿಯುವ ವಿದ್ಯುತ್ ಅತ್ಯಲ್ಪ), ಸ್ಥಿರ ವಿದ್ಯುತ್ತಿನ ಸೆಳೆತಕ್ಕೆ ಹಾಳೆ ಬಾಗಿ ಮೇಲ್ಮೈಯ ಉಬ್ಬುತಗ್ಗುಗಳಿಗೆ ಒತ್ತಿಕೊಳ್ಳುತ್ತದೆ, ಹೊಸ ರೋಮಗಳು ತಾಗುತ್ತವೆ. ಹೀಗಾಗಿ ಎರಡೂ ಕೂಡಿದ ಹಿಡಿತ ಬಿಡಿಬಿಡಿ ಬಲಗಳ ಮೊತ್ತವನ್ನೂ ಮೀರಬಹುದು.

ನಮ್ಮಲ್ಲಿ ಕಾಳುಮೆಣಸಿನ ಬಳ್ಳಿ ಹಬ್ಬಿರುವುದು ಸಿಲ್ವರ್ ಓಕ್, ಹಲಸು ಮೊದಲಾದ ಎತ್ತರದ ಮರಗಳಿಗೆ. ಕೊಯ್ಲಿಗೆ ಇಂದಿಗೂ ಏಣಿಯೇ ಗತಿ. ನಮ್ಮ ತೋಟದಲ್ಲೇ ಏಣಿ ಜಾರಿ ಬಿದ್ದ ಕಾರ್ಮಿಕರೊಬ್ಬರು ತಿಂಗಳುಗಟ್ಟಲೆ ಹಾಸಿಗೆ ಹಿಡಿದದ್ದನ್ನು ನಾನು ಮರೆತಿಲ್ಲ. ಏಣಿಯ ತುದಿ ಕಾಂಡವನ್ನು ಕಚ್ಚಿಕೊಳ್ಳುವಂತೆ ಮಾಡಲು ಇಂಥ ಹಾಳೆ ನೆರವಾದೀತೇ ಎಂದು ನೋಡಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ತೊಗಟೆಯ ಮೇಲೆ ಇದರ ಆಟ ನಡೆಯದು, ತೇವದಲ್ಲಿ ವಿದ್ಯುದಾವೇಶ ಸೋರಿಹೋಗುತ್ತದೆ. ಆದರೆ ಮೆಣಸಿನ ಕೊಯ್ಲು ಬರುವುದು ಬೇಸಿಗೆಯ ಹೊಸ್ತಿಲಲ್ಲಿ, ತೊಗಟೆ ಒಣಗಿರುವಾಗ.

ಆದ್ದರಿಂದ ಜಿಲ್ಲೆಯ ಇಂಜಿನಿಯರಿಂಗ್ ಮತ್ತು ಅರಣ್ಯಶಾಸ್ತ್ರ ವಿದ್ಯಾರ್ಥಿಗಳು ಜೊತೆಗೂಡಿ, ಅಂಗೈಯಗಲದ ಹಾಳೆಯೊಂದನ್ನು ಬೇರೆ ಬೇರೆ ಮರಗಳ ತೊಗಟೆಗೆ ಹಿಡಿಸಿ, ಎಷ್ಟು ಎಳೆದರೆ ಕಳಚುತ್ತದೆಂದು ಸ್ಪ್ರಿಂಗ್ ತಕ್ಕಡಿಯಲ್ಲಿ ಅಳೆದು, ಅಂದಿನ ಗಾಳಿಯ ತೇವಾಂಶದೊಂದಿಗೆ ದಾಖಲಿಸಬೇಕೆಂದು ಕೋರುತ್ತೇನೆ. ಇದಕ್ಕೆ ನಮ್ಮ ತೋಟದ ಮರಗಳನ್ನು ಬಿಟ್ಟುಕೊಡಲು ಸಿದ್ಧನಿದ್ದೇನೆ.

– ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ, ಮಡಿಕೇರಿ ತಾಲ್ಲೂಕು