ಮಕ್ಕಳ ಗುಂಪು ನಡೆಸಲು ಹೊರಟವಳಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಸರ್ಕಾರಿ ಶಾಲೆಯಲ್ಲಿ ಮಕ್ಕಳ ಆಪ್ತಸಮಾಲೋಚನೆಗೆ ಹೋಗುತ್ತೀಯ ಅಂತ ನಿಮ್ಮಮ್ಮ ಹೇಳಿದಳು. ತುಂಬಾ ಖುಷಿಯಾಯಿತು. ವೈಟ್‌ಫೀಲ್ಡ್ ಕಡೆ ಅಂದರೆ ರಾಯಚೂರು, ಯಾದಗಿರಿಯಿಂದ ಗಾರೆ ಕೆಲಸಕ್ಕೆ ಬಂದವರ ಮಕ್ಕಳು, ನೇಪಾಳಿ, ತಮಿಳು, ತೆಲುಗು, ಬಂಗಾಳಿ ಮನೆಮಾತಿನವರು ಎಲ್ಲರೂ ಇರುತ್ತಾರೆ, ಅಲ್ವಾ?

ಗುಂಪಿಗೆ ಆರೆಂಟು ಮಕ್ಕಳು ಸಾಕು. ವಯಸ್ಸಿನ ಅಂತರ ಜಾಸ್ತಿ ಬೇಡ. ಒಂದು ಮನೆಮಾತಿನ ಮಗು ಒಂದೇ ಇರದ ಹಾಗೆ ನೋಡಿಕೋ. ಕನ್ನಡದ ಮಕ್ಕಳ ನಡುವೆ ಒಬ್ಬಳೇ ನೇಪಾಳಿ ಹುಡುಗಿ ಕೂತರೆ ಬಾಯಿ ಬಿಡುವುದು ಕಷ್ಟ. ಇನ್ನೊಬ್ಬಳಿದ್ದರೆ ಪಿಸುಗುಟ್ಟಲಾದರೂ ಒಂದು ಕಿವಿ ಸಿಗುತ್ತದೆ. ಹಿಂದಿ ಬಲ್ಲವರೊಬ್ಬರನ್ನು ಜೊತೆಗಿಟ್ಟುಕೋ. ಚುರುಕಾದ ಮಗುವನ್ನೇ ದುಭಾಷಿ ಮಾಡಿಬಿಟ್ಟರೆ ಅದು ಬೇರೆಯವರ ಅಳು ಹೊತ್ತು ಮನೆಗೆ ಹೋಗುತ್ತದೆ, ತನ್ನ ಮಾತಿಗೆ ಜಾಗವೇ ಇರುವುದಿಲ್ಲ.

"ನಿಮ್ಮ ಕಡೆ ಹಬ್ಬ ಹೇಗೆ, ಎದ್ದು ನಿಂತು ಹೇಳು" ಅಂತ ಮಾತ್ರ ಕೇಳಬೇಡ. ಬೆಂಗಳೂರಲ್ಲೇ ಹುಟ್ಟಿದ ಮಗುವಿಗೆ ಅಪ್ಪನ ಊರಿನ ಹಬ್ಬ ಗೊತ್ತೇ ಇಲ್ಲದಿರಬಹುದು. ಗೊತ್ತಿದ್ದರೂ ಎಲ್ಲರೆದುರು ಹೊರಗಿನವನಾಗಿ ನಿಲ್ಲಬೇಕು. ಅದರ ಬದಲು ನೆಲದ ಮೇಲೆ ಐದು ಕಲ್ಲು ಹಾಕು. ಕಲ್ಲಾಟ ಎಷ್ಟೋ ಕಡೆಯ ಮಕ್ಕಳಿಗೆ ಗೊತ್ತು. ಆದರೆ ಎಸೆಯುವ ರೀತಿ, ಔಟ್ ಆಗುವ ನಿಯಮ ಒಬ್ಬೊಬ್ಬರದು ಒಂದೊಂದು. "ಏಯ್, ಹಂಗಲ್ಲ!" ಅಂತ ಜಗಳ ಶುರುವಾಗುತ್ತದೆ. ನ್ಯಾಯ ಹೇಳಲು ಹೋಗಬೇಡ. ಇವತ್ತು ಯಾರ ನಿಯಮ, ನಾಳೆ ಯಾರದು ಅಂತ ಅವರೇ ತೀರ್ಮಾನಿಸಲಿ. ಕೈ ಆಟದಲ್ಲಿದ್ದಾಗ "ನಮ್ಮಪ್ಪ ನಿನ್ನೆ ಮನೆಗೇ ಬಂದಿಲ್ಲ" ಅನ್ನುವಂಥ ಮಾತು ತಾನಾಗಿ ಹೊರಗೆ ಬೀಳುತ್ತದೆ. ಆಗ ತಲೆ ಎತ್ತಿ ದಿಟ್ಟಿಸಬೇಡ, ಕೇಳಿಸಿಕೋ.

ಭಾಷೆಯೊಂದನ್ನೇ ನೋಡುತ್ತಾ ಕೂರಬೇಡ. ಯಾದಗಿರಿಯ ಹುಡುಗ "ಬರ್ತೀನ್ರೀ" ಅಂದರೆ ನಗುವವರು ಇಲ್ಲಿನ ಕನ್ನಡದ ಮಕ್ಕಳೇ. ಯಾರು ಯಾರ ನೀರಿನ ಬಾಟಲಿ ಮುಟ್ಟುವುದಿಲ್ಲ ಅನ್ನುವುದನ್ನೂ ಗಮನಿಸು, ಅದರ ಹಿಂದೆ ಜಾತಿ ಇರಬಹುದು. ಕಂಡ ಕೂಡಲೇ, ಎಲ್ಲರೆದುರೇ, "ಇಲ್ಲಿ ಇದು ನಡೆಯುವುದಿಲ್ಲ" ಅನ್ನು. ನೀನು ಸುಮ್ನೆ ಕೂತರೆ ನೊಂದ ಮಗು ನಿನ್ನನ್ನೂ ಅವರ ಜೊತೆಗೇ ಸೇರಿಸಿಬಿಡುತ್ತದೆ.

"ಯಾರಿಗೂ ಹೇಳಲ್ಲ" ಅಂತ ಯಾವ ಮಗುವಿಗೂ ಮಾತು ಕೊಡಬೇಡ. ಲೈಂಗಿಕ ದೌರ್ಜನ್ಯದ ವಿಷಯ ಕಿವಿಗೆ ಬಿದ್ದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ನಿಮಗೆ ಅಪಾಯ ಇದ್ದರೆ ದೊಡ್ಡವರಿಗೆ ಹೇಳ್ತೀನಿ, ಮೊದಲು ನಿಮಗೆ ತಿಳಿಸ್ತೀನಿ" ಅಂತ ಮೊದಲ ದಿನವೇ ಹೇಳಿಬಿಡು. ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಮಾಡಿಸು.

ಕಟ್ಟಡ ಮುಗಿದರೆ ಇಡೀ ಸಂಸಾರ ರಾತ್ರೋರಾತ್ರಿ ಗಂಟುಮೂಟೆ ಕಟ್ಟುತ್ತದೆ. ಹಾಗೆ ಹೋದ ಮಗುವಿನ ಹೆಸರು ಮುಂದಿನ ವಾರ ನೀನೇ ಎತ್ತು. ಉಳಿದವರಿಗೆ ಅದರ ಬಗ್ಗೆ ಮಾತಾಡಲು ಬಿಡು. ತಾಯಂದಿರು ಸಿಕ್ಕಾಗಲೆಲ್ಲ ಒಂದು ವಿಷಯ ತಿಳಿಸಿರು: ಟಿ.ಸಿ. ಕೈಗೆ ಬರುವುದು ತಡವಾಯಿತು ಅಂತ ಹೊಸ ಶಾಲೆಯವರು ಮಗುವನ್ನು ವಾಪಸ್ ಕಳಿಸುವ ಹಾಗಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದು ಇದೆ.

ಇಂತಿ,
ನಿನ್ನ ದೊಡ್ಡಮ್ಮ